ಮಿಸ್ ತುಂಬಿದ ಫಾರಂಗೂ ನಾವು ತುಂಬಿದ್ದಕ್ಕೂ ತಾಳೆಯೇ ಇಲ್ಲ, ಏನು ಮಾಡೋದು?

ಒಂದನೇ ಕ್ಲಾಸಿನ ಅಮ್ಮ:
ಮಗನಿಗೆ ಆರು ವರ್ಷ. ಕೂತಲ್ಲಿ ಕೂರಲ್ಲ, ಅರ್ಧ ಬರೆದು ಎದ್ದು ಹೋಗ್ತಾನೆ ಅಂತ ಮಿಸ್ ದೂರು. ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಇದೆಯಾ ನೋಡೋಣ ಅಂತ ನಮ್ಮ ಡಾಕ್ಟರು ವಾಂಡರ್‌ಬಿಲ್ಟ್ ಅನ್ನೋ ಪ್ರಶ್ನೆಪಟ್ಟಿಯ ಫಾರಂ ಕೊಟ್ಟರು, ನಮಗೊಂದು, ಮಿಸ್‌ಗೊಂದು. ಅವರು ಬಹುತೇಕ ಎಲ್ಲದಕ್ಕೂ 'ಬಹಳ ಸಲ' ಅಂತ ಗುರುತು ಹಾಕಿದ್ದಾರೆ, ನಮ್ಮದರಲ್ಲಿ 'ಕೆಲವೊಮ್ಮೆ'. ಮನೇಲಿ ಬ್ಲಾಕ್ಸ್ ಹಿಡಿದರೆ ಗಂಟೆಗಟ್ಟಲೆ ಅಲ್ಲಾಡಲ್ಲ. ಯಾರದ್ದು ಸರಿ? ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗುತ್ತಾ?

ಮಕ್ಕಳ ಸೈಕಾಲಜಿಸ್ಟ್:
ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ಹೇಳೋ ಸ್ಕ್ಯಾನೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ದುಡ್ಡು ಉಳಿಸಿ. ಕಂಪ್ಯೂಟರ್ ಮುಂದೆ ಕೂರಿಸಿ ಗುಂಡಿ ಒತ್ತಿಸೋ ಟೆಸ್ಟ್ ಒಂದನ್ನೇ ನಂಬಿ ತೀರ್ಮಾನ ಮಾಡಕ್ಕೂ ಆಗಲ್ಲ.

ಯಾರದ್ದು ಸರಿ ಅನ್ನೋ ಜಗಳ ಬೇಡ ಮೇಡಂ. ಬ್ಲಾಕ್ಸ್ ಅವನೇ ಆರಿಸಿಕೊಂಡಿದ್ದು, ಕಾಪಿ ಬರೆಯೋದು ಬೇರೆಯವರು ಹೇಳಿದ್ದು. ಹಾಗಾಗಿ ಗಂಟೆಗಟ್ಟಲೆ ಆಡ್ತಾನೆ ಅನ್ನೋದು 'ಇಲ್ಲ' ಅನ್ನೋಕೆ ಸಾಕ್ಷಿಯಲ್ಲ, ಮಿಸ್ ಫಾರಂ ಒಂದೇ 'ಇದೆ' ಅನ್ನೋಕೂ ಸಾಲದು. ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ) ಪ್ರಕಾರ ಈ ವಯಸ್ಸಿನಲ್ಲಿ ಗಮನದ ಕೊರತೆಯ 9 ಲಕ್ಷಣಗಳಲ್ಲಿ 6, ಇಲ್ಲವೇ ಅತಿಚಟುವಟಿಕೆ-ದುಡುಕಿನ 9ರಲ್ಲಿ 6, ಕನಿಷ್ಠ 6 ತಿಂಗಳಿಂದ ಇರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಅದರಿಂದ ಮಗುವಿಗೆ ತೊಂದರೆಯೂ ಆಗ್ತಿರಬೇಕು.

ನಾನು ಮೊದಲು ಕೇಳೋದೇ ಬೇರೆ. ರಾತ್ರಿ ಗೊರಕೆ ಹೊಡೀತಾನಾ, ಬಾಯಲ್ಲಿ ಉಸಿರಾಡ್ತಾನಾ? ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ದೊಡ್ಡದಾಗಿ ನಿದ್ದೆ ಕೆಟ್ಟ ಮಗು ಎಷ್ಟೋ ಸಲ ದೊಡ್ಡವರ ಹಾಗೆ ತೂಕಡಿಸಲ್ಲ, ಕುಣಿದಾಡುತ್ತೆ. ಕಿವಿ, ಕಣ್ಣು ತೋರಿಸಿದ್ದೀರಾ? ಹುಟ್ಟಿದ ತಿಂಗಳು ಯಾವುದು? ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚು ಬೀಳುತ್ತೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಚಾಕ್‌ಪೀಸ್:
ನಾನೂ ಒಂದನೇ ಕ್ಲಾಸ್ ಟೀಚರೇ. ಯಾವ ಪೀರಿಯಡ್‌ನಲ್ಲಿ ಏಳ್ತಾನೆ ಅಂತ ಮಿಸ್ ಹತ್ರ ಕೇಳಿ. ನಮ್ಮಲ್ಲೊಬ್ಬಳು ಲೆಕ್ಕಕ್ಕೆ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿರಲಿಲ್ಲ. ಓದೋ ಪೀರಿಯಡ್ ಬಂತೋ, ಪೆನ್ಸಿಲ್ ಹೆರೆಯಕ್ಕೆ ಎದ್ದಳು, ನೀರಿಗೆ ಹೋದಳು, ಟಾಯ್ಲೆಟ್‌ಗೆ ಹೋದಳು. ಅಕ್ಷರ ಕೂಡಿಸಿ ಓದಕ್ಕೆ ಬರ್ತಿರಲಿಲ್ಲ, ತಪ್ಪಿಸಿಕೊಳ್ತಿದ್ದಳು ಅಷ್ಟೇ. (ಗಲಾಟೆ ಮಾಡದೆ ಎಲ್ಲೋ ನೋಡ್ತಾ ಕೂರೋ ಮಕ್ಕಳಿಗೆ ಮಾತ್ರ ಯಾರೂ ಫಾರಂ ಕೊಡಲ್ಲ, ಅದೊಂದು ಸಂಕಟ.)

ಒಂದನೇ ಕ್ಲಾಸಿನ ಅಮ್ಮ:
ಗೊರಕೆ ಇಲ್ಲ. ಕಿವಿ, ಕಣ್ಣು ಸರಿ ಇದೆ. ಕ್ಲಾಸಿಗೆಲ್ಲ ಇವನೇ ಚಿಕ್ಕವನು. ಹಾಗಾದ್ರೆ ಬಿಟ್ಟುಬಿಡಬಹುದಾ?

ಮಕ್ಕಳ ಸೈಕಾಲಜಿಸ್ಟ್:
ಬೇಡ. ಚಿಕ್ಕವನು ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಇಷ್ಟವಿಲ್ಲದ ಕೆಲಸ ಹೇಳಿ ನೋಡಿ: ಶೂ ಹಾಕ್ಕೊಂಡು ಬಾ, ಬ್ಯಾಗ್ ತುಂಬ್ಕೋ. ಒಂದು ಕಾಲಿನ ಶೂ ಹಾಕಿ ಮರೆತು ಆಡಕ್ಕೆ ಹೋಗ್ತಾನಾ? ಎಷ್ಟು ಸಲ ಕರೀಬೇಕು? ಎರಡು ವಾರ ಬರೆದಿಟ್ಟು, ಅದೇ ಫಾರಂ ಮತ್ತೆ ತುಂಬಿ. ಡಾಕ್ಟರಿಗೆ ಎರಡೂ ಫಾರಂ ತೋರಿಸಿ, ಹಳೇದನ್ನ ಎಸೀಬೇಡಿ.