ಸಹಾಯ ಬೇಕು: ಅಗೆಯದೆ ನೆಲದೊಳಗೆ ಏನಿದೆ ಅಂತ ನೋಡಬೇಕು

ನಮಸ್ಕಾರ ಎಲ್ಲರಿಗೂ. ನಮ್ಮ ಹೊಲ ಹುನಗುಂದ ತಾಲ್ಲೂಕಿನಲ್ಲಿ, ಐಹೊಳೆ ಕಡೆ. ಬದುವಿನ ಪಕ್ಕ ಹದಿನಾಲ್ಕು ಗುಂಡುಕಲ್ಲುಗಳು ದುಂಡಗೆ, ಅರ್ಧ ಹೂತು ಕೂತಿವೆ. ಮೊನ್ನೆ ಮಳೆಗೆ ಮಣ್ಣು ಕೊಚ್ಚಿಹೋಗಿ ಒಂದು ಮಡಕೆ ಚೂರು ಸಿಕ್ಕಿತು. ಒಳಗೆ ಕಪ್ಪು, ಹೊರಗೆ ಕೆಂಪು, ಉಜ್ಜಿದ ಹಾಗೆ ನುಣುಪು. ಐಹೊಳೆಯ ಮೇಗುಟಿ ಗುಡ್ಡದ ಮೇಲಿನ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ನೋಡಿದವನಿಗೆ, ಇದೂ ಅಂಥದೇ ಗೋರಿ ಇರಬಹುದಾ ಅಂತ ಅನುಮಾನ ಬರದೇ ಇರುತ್ತಾ? ನಮ್ಮ ಕಾಕಾ ಮಾತ್ರ "ಜೆಸಿಬಿ ತರಸ್ತೀನಿ" ಅಂತ ಕೂತಿದ್ದಾರೆ. ದೀಪಾವಳಿವರೆಗೆ ತಡೆದಿದ್ದೇನೆ.

ಅನುಮತಿ ಇಲ್ಲದೆ ನಾನಂತೂ ಅಗೆಯುವುದಿಲ್ಲ. ಬೋರ್ ಪಾಯಿಂಟ್ ನೋಡುವವರು ನೆಲಕ್ಕೆ ಸರಳು ಚುಚ್ಚಿ, ಕರೆಂಟ್ ಬಿಟ್ಟು ತಡೆ ಅಳೆಯುತ್ತಾರಲ್ಲ, ಆ ಮಷಿನ್ ಇಲ್ಲಿ ನಡೆಯುತ್ತಾ? ಅವರು ನೋಡುವುದು ನೂರಾರು ಅಡಿ ಆಳ, ಸರಳುಗಳೂ ದೂರ ದೂರ. ನನಗೆ ಮೇಲಿನ ಐದಾರು ಅಡಿ ಸಾಕು. ಹಗ್ಗ ಕಟ್ಟಿ ಚೌಕ ಮಾಡಿಕೊಂಡು, ಸರಳು ಹತ್ತಿರ ಹತ್ತಿರ ಇಟ್ಟು ಅಳೆದರೆ, ಒಳಗೆ ಗೋರಿಯ ಕಲ್ಲುಚಪ್ಪಡಿ ಇದ್ದ ಕಡೆ ತಡೆ ಜಾಸ್ತಿ ಬರಬೇಕು, ಅಲ್ವಾ?

ನೆಲದೊಳಗೆ ರೇಡಿಯೋ ಅಲೆ ಬಿಟ್ಟು ನೋಡುವ ರಾಡಾರ್ ತರಿಸಿ ಅಂದರು ಒಬ್ಬರು. ನಮ್ಮದು ಎರೆ ಹೊಲ. ಜೇಡಿ ಜಾಸ್ತಿ, ಹಸಿ ಬೇರೆ. ಅದರ ಅಲೆ ಸ್ವಲ್ಪ ಆಳಕ್ಕೇ ಸತ್ತುಹೋಗುತ್ತದೆ, ಸುಮ್ನೆ ದುಡ್ಡು ದಂಡ. ಕಾಂತಶಕ್ತಿಯ ಏರುಪೇರು ಅಳೆಯುವ ಮ್ಯಾಗ್ನೆಟೋಮೀಟರ್ ಕಬ್ಬಿಣ, ಸುಟ್ಟ ಮಣ್ಣು ಎರಡನ್ನೂ ಹಿಡಿಯುತ್ತದೆ, ಆದರೆ ಹತ್ತು ಹೆಜ್ಜೆಗೆ ತಂತಿಬೇಲಿ ಇದೆ, ಅದರ ಕಬ್ಬಿಣವೇ ಅಳತೆ ಕೆಡಿಸುತ್ತದೆ.

ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಸರಳುಗಳ ಅಂತರ ಎಷ್ಟಿರಬೇಕು, ಹಸಿ ನೆಲದಲ್ಲಿ ಅಳೆಯಬೇಕಾ, ಒಣಗಲು ಬಿಡಬೇಕಾ? ಮೊದಲು ಯಾವ ಕಚೇರಿಗೆ ಅರ್ಜಿ ಕೊಡಬೇಕು? ಹೊಲ ಎಲ್ಲಿದೆ ಅಂತ ಇಲ್ಲಿ ಕೇಳಬೇಡಿ, ನಿಧಿಗಳ್ಳರ ಕಾಟ ಗೊತ್ತಲ್ಲ. ಮೆಸೇಜ್ ಮಾಡಿದರೆ ಚೂರಿನ ಫೋಟೋ ಕಳಿಸುತ್ತೇನೆ.