ಪದಚರ್ಚೆ: ಮೋಟಾರಿಗೆ ‘ಓರೆ ಕೊಡುವುದು’ ಅನ್ನಬಹುದೇ? ಮತ್ತೆ ಬಲ ಅಂದರೆ ಯಾರ ಬಲ?

ಎಲ್ಲರಿಗೂ ನಮಸ್ಕಾರ.

ಆಟದ ವಿಮಾನದ ಮೋಟಾರನ್ನು ಬೇಕು ಅಂತಲೇ ಚೂರು ಸೊಟ್ಟ ಕೂರಿಸುತ್ತಾರೆ, ಅದಕ್ಕೆ ಒಂದು ಪದಕ್ಕಾಗಿ ಒದ್ದಾಡುತ್ತಿದ್ದೇನೆ. ಉಡುಪಿಯಲ್ಲಿ ನಾವು ಕೆಲವರು ಭಾನುವಾರ ಮಕ್ಕಳ ಜೊತೆ ಕೂತು ರೇಡಿಯೋ ಕಂಟ್ರೋಲ್ ವಿಮಾನ ಕಟ್ಟುತ್ತೇವೆ. ಸನ್‌ಪ್ಯಾಕ್ ಶೀಟು, ಥರ್ಮೋಕೋಲು, ಮೂತಿಗೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಸಣ್ಣ ಮೋಟಾರು. ಹಾರಿಸುವುದು ಕೊಯ್ಲು ಮುಗಿದ ಗದ್ದೆಯಲ್ಲಿ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಅದಕ್ಕೇ ಕಟ್ಟುವ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕೊಟ್ಟೆ. ಎಲ್ಲ ಸರಿಹೋಯಿತು, ಒಂದು ಸಾಲು ಬಿಟ್ಟು.

ಆ ಸಾಲು ಇದು: ‘ಮೋಟಾರನ್ನು 2 ಡಿಗ್ರಿ ಬಲಕ್ಕೆ, 3 ಡಿಗ್ರಿ ಕೆಳಕ್ಕೆ ತಿರುಗಿಸಿ ಕೂರಿಸಿ.’

ನಾಲ್ಕು ಮಕ್ಕಳು, ನಾಲ್ಕು ಥರ ಮಾಡಿದರು. ಒಬ್ಬಳು ಮೋಟಾರನ್ನು ಇದ್ದ ಜಾಗದಲ್ಲೇ ಸ್ಕ್ರೂ ತಿರುಗಿಸುವ ಹಾಗೆ ತಿರುಗಿಸಿ, ತೂತು ಕೂಡುವುದಿಲ್ಲ ಅಂತ ಕೂತಿದ್ದಳು. ತಪ್ಪು ಅವಳದ್ದಲ್ಲ. ತಿರುಗುವುದೇ ಮೋಟಾರಿನ ಕೆಲಸ, ನಾನು ಅದೇ ಪದ ಬಳಸಿದ್ದೆ. ಇನ್ನೊಬ್ಬ ಇಡೀ ಮೋಟಾರನ್ನು ಹಲಗೆಯ ಕೆಳ ತುದಿಗೆ ಸರಿಸಿದ. ಮೂರನೆಯವನು ಸರಿಯಾಗೇ ಮಾಡಿದ, ಆದರೆ ವಿಮಾನದ ಮೂತಿಯನ್ನು ತನ್ನ ಕಡೆಗೆ ಹಿಡಿದುಕೊಂಡು ತನ್ನ ಬಲಕ್ಕೆ! ಅದು ಕೈಬಿಟ್ಟ ಕೂಡಲೇ ಎಡಕ್ಕೆ ಹೊರಳಿ ತೆಂಗಿನ ಬುಡಕ್ಕೆ ಹೋಯಿತು. ನಾಲ್ಕನೆಯವನದ್ದು ಅಕ್ಷರಶಃ ಸರಿ. ರಾತ್ರಿ ಅವನ ಅಜ್ಜ ಮೂಲೆಮಟ್ಟ ಹಿಡಿದು ನೋಡಿ, ಮೋಟಾರು ಸೊಟ್ಟ ಇದೆ ಅಂತ ನೆಟ್ಟಗೆ ಮಾಡಿಟ್ಟರು.

ಮೋಟಾರು ನೆಟ್ಟಗೆ ಯಾಕಿರಬಾರದು ಅಂತ ಕೇಳುವವರಿಗೆ ಎರಡು ಮಾತು. ಹಿಂದಿನಿಂದ ನೋಡಿದರೆ ಫ್ಯಾನು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತದೆ. (ಪ್ರೊಪೆಲ್ಲರಿಗೆ ನಾವು ಫ್ಯಾನು ಅನ್ನುತ್ತೇವೆ, ಮಲ್ಪೆಯ ಬೋಟಿನವರ ಹಾಗೆ.) ಅದು ಆ ಕಡೆ ಸುತ್ತಿದರೆ ವಿಮಾನದ ಮೈ ಈ ಕಡೆ, ಅಂದರೆ ಎಡಕ್ಕೆ, ಹೊರಳಲು ನೋಡುತ್ತದೆ. ಫ್ಯಾನು ಹಿಂದಕ್ಕೆ ತಳ್ಳಿದ ಗಾಳಿ ಸುರುಳಿಯಾಗಿ ಮೈಸುತ್ತಿ ಬಂದು ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಎಡ ಮಗ್ಗುಲಿಗೆ ಹೊಡೆಯುತ್ತದೆ. ಬಾಲ ಬಲಕ್ಕೆ, ಮೂತಿ ಎಡಕ್ಕೆ. ಮೂತಿ ಎತ್ತಿ ಏರುವಾಗ ಬಲಗಡೆ ಇಳಿಯುವ ಫ್ಯಾನಿನ ಎಲೆ ಗಾಳಿಯನ್ನು ಜಾಸ್ತಿ ಕಚ್ಚುತ್ತದೆ, ಮತ್ತೆ ಮೂತಿ ಎಡಕ್ಕೇ. ಅದಕ್ಕೇ ಮೋಟಾರಿನ ಮುಖವನ್ನು ಚೂರು ಬಲಕ್ಕೆ ಮಾಡುವುದು. ಇನ್ನು ಕೆಳಕ್ಕೆ ಯಾಕೆ? ಕಲಿಯುವವರ ವಿಮಾನಕ್ಕೆ ರೆಕ್ಕೆ ಮೈಯ ಮೇಲೆ ಇರುತ್ತದೆ. ಥ್ರಾಟಲ್ ಕೊಟ್ಟ ಕೂಡಲೇ ವೇಗ ಹೆಚ್ಚಿ ಮೂತಿ ಎತ್ತುತ್ತದೆ. ಅದನ್ನು ತಡೆಯಲು ಎರಡು ಮೂರು ಡಿಗ್ರಿ ಕೆಳಕ್ಕೆ.

ಈಗ ಪದಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಡೌನ್ ಥ್ರಸ್ಟ್, ರೈಟ್ ಥ್ರಸ್ಟ್ ಅಂತ ಎರಡೇ ಮಾತಲ್ಲಿ ಮುಗಿಸುತ್ತಾರೆ. ಥ್ರಸ್ಟಿಗೆ ನಮ್ಮ ಬರಹಗಳಲ್ಲಿ ‘ನೂಕುಬಲ’ ಇದೆ, ಒಳ್ಳೆಯ ಪದ. ಆದರೆ ರೈಟ್ ಥ್ರಸ್ಟ್ ಅನ್ನಲು ಹೋದರೆ ‘ಬಲ ನೂಕುಬಲ’! ಒಂದು ಬಲ ಕಡೆ, ಇನ್ನೊಂದು ಬಲ ಶಕ್ತಿ. ಮಕ್ಕಳಿಗೆ ಓದಿ ಹೇಳಿದರೆ ನಗುತ್ತಾರೆ, ನನಗೂ ನಗು ಬಂತು.

‘ವಾಲಿಸು’ ಚೆನ್ನಾಗಿತ್ತು. ಆದರೆ ಹಾರುವಾಗ ಒಂದು ರೆಕ್ಕೆ ತಗ್ಗಿದರೆ ನಾವೆಲ್ಲ ‘ವಾಲಿತು’ ಅಂತೇವೆ. ಆ ಪದ ಅಲ್ಲಿಗೇ ಬೇಕು. ‘ಕೋನ’ ಅಂದರೆ ಗಣಿತದ ಪುಸ್ತಕ ನೆನಪಾಗುತ್ತದೆ, ಯಾವ ಕಡೆಗೆ ಅಂತ ಗೊತ್ತಾಗುವುದಿಲ್ಲ. ಬೆಂಗಳೂರು ಕಡೆ ಗಾರೆ ಕೆಲಸದವರು ನೀರು ಹರಿದುಹೋಗಲಿ ಅಂತ ನೆಲಕ್ಕೆ ‘ವಾಟ’ ಕೊಡುತ್ತಾರೆ. ನನಗೆ ಅದು ಬಹಳ ಇಷ್ಟವಾಯಿತು, ಯಾಕೆಂದರೆ ವಾಟ ಅಂದರೆ ತಪ್ಪಾಗಿ ಇಳಿಜಾರಾದದ್ದಲ್ಲ, ಬೇಕು ಅಂತಲೇ ಕೊಟ್ಟದ್ದು. ಆದರೆ ನಮ್ಮೂರಲ್ಲಿ ಎಲ್ಲರೂ ‘ಸ್ಲೋಪ್’ ಅನ್ನುತ್ತಾರೆ. ಅದೂ ಅಲ್ಲದೆ ವಾಟ ಕೆಳಕ್ಕೆ ಮಾತ್ರ, ಪಕ್ಕಕ್ಕೆ ವಾಟ ಕೊಡುವುದು ಹೇಗೆ?

ಕೊನೆಗೆ ದಾರಿ ತೋರಿಸಿದ್ದು ಮೋಟಾರು ನೆಟ್ಟಗೆ ಮಾಡಿದ ಆ ಅಜ್ಜನೇ. ಅವರು ಮರಗೆಲಸದವರು. ವಿಷಯ ವಿವರಿಸಿದಾಗ, ‘ಬೇಕೂಂತ್ಲೇ ಓರೆ ಕೊಟ್ಟದ್ದಾ? ಹಾಗೆ ಬರೀಬೇಕಲ್ಲ ಮಾರಾಯ್ರೆ! ನಾನು ಓರೆ ಆದದ್ದು ಅಂತ ಎಣಿಸಿದೆ’ ಅಂದರು. ನೋಡಿ, ‘ಓರೆ ಆಗುವುದು’ ಬೇರೆ, ‘ಓರೆ ಕೊಡುವುದು’ ಬೇರೆ. ಒಂದು ತಪ್ಪು, ಇನ್ನೊಂದು ಕೆಲಸ. ನನ್ನ ಎರಡು ಪುಟದಲ್ಲಿ ಇಲ್ಲದೇ ಹೋದದ್ದು ಆ ‘ಕೊಡು’.

ಓರೆಗೆ ಹಳೆಯ ಕೋಶಗಳಲ್ಲೂ ಜಾಗ ಉಂಟು. ಕಿಟೆಲ್ ಕೋಶ ನಮ್ಮ ಮಂಗಳೂರಲ್ಲೇ 1894ರಲ್ಲಿ ಅಚ್ಚಾಯಿತು. ರೈಟ್ ಸೋದರರು ಹಾರಿದ್ದು 1903ರಲ್ಲಿ. ಹಾಗಾಗಿ ಮೋಟಾರಿನ ಅರ್ಥ ಅಲ್ಲಿ ಹುಡುಕಿ ಪ್ರಯೋಜನವಿಲ್ಲ. (ಆ ಸೋದರರಿಗೆ ಈ ತಾಪತ್ರಯ ಅಷ್ಟು ಇರಲಿಲ್ಲ. ಎರಡು ಫ್ಯಾನು ಇಟ್ಟು, ಒಂದರ ಚೈನನ್ನು 8ರ ಆಕಾರಕ್ಕೆ ತಿರುಚಿ, ಎದುರುಬದುರು ಸುತ್ತಿಸಿದ್ದರು.) ಒಂದೇ ತೊಂದರೆ ಅಂದರೆ ಮಕ್ಕಳು ‘ಒರೆ ಕೊಡಿ’ ಅಂತ ಬರೆಯುತ್ತಾರೆ. ದೀರ್ಘ ಹೋದರೆ ಅದು ಚಿನ್ನ ಉಜ್ಜುವ ಒರೆ.

ಇನ್ನು ಎರಡನೇ ಗೊಂದಲ, ಯಾರ ಬಲ? ನಮ್ಮ ಕಡೆ ದಾರಿ ಹೇಳುವಾಗ ತುಳುವಲ್ಲಿ ಮೂಡಾಯಿ, ಪಡ್ಡಾಯಿ ಅಂತ ದಿಕ್ಕನ್ನೇ ಹಿಡಿಯುತ್ತಾರೆ. ಊರಿನ ಹೆಸರುಗಳೂ ಹಾಗೇ ಇವೆ, ಪಡುಬಿದ್ರಿ, ಮೂಡುಬಿದಿರೆ, ತೆಂಕನಿಡಿಯೂರು. ಊರು ಕದಲುವುದಿಲ್ಲ, ಸರಿ. ವಿಮಾನ ಸುಮ್ನೆ ನಿಲ್ಲುತ್ತದಾ? ಆದರೆ ಇದಕ್ಕೂ ಗದ್ದೆಯಲ್ಲೇ ಉತ್ತರ ಇತ್ತು. ಜೋಡಿ ಎತ್ತಿನಲ್ಲಿ ‘ಬಲದೆತ್ತು’ ಅಂದರೆ ಹಿಂದೆ ನಿಂತು ಉಳುವವನ ಬಲ. ಎದುರಿಗೆ ನಿಂತು ನೋಡುವವನದ್ದು ಯಾವತ್ತೂ ಲೆಕ್ಕಕ್ಕಿಲ್ಲ. ಈಗ ಮಕ್ಕಳಿಗೆ ‘ಬಲದೆತ್ತಿನ ಕಡೆ’ ಅಂತಲೇ ಹೇಳುತ್ತೇನೆ. ಕಂಬಳ ನೋಡಿ ಬೆಳೆದ ಮಕ್ಕಳು, ಒಂದೇ ಸಲಕ್ಕೆ ಅರ್ಥವಾಯಿತು.

ಆದರೂ ಕೆಲಸ ಪೂರ್ತಿ ಮುಗಿದಿಲ್ಲ. ಬಲಕ್ಕೆ ಓರೆ ಕೊಡಬೇಕಾದರೆ ವಾಷರು ಹಾಕುವುದು ಎಡಗಡೆಯ ಸ್ಕ್ರೂಗಳ ಹಿಂದೆ. ಕೆಳಕ್ಕೆ ಬೇಕಾದರೆ ಮೇಲಿನ ಸ್ಕ್ರೂಗಳ ಹಿಂದೆ. ಸ್ಕ್ರೂಗಳ ನಡುವೆ 38 ಮಿಲಿಮೀಟರ್ ಇದ್ದರೆ 1 ಮಿಲಿಮೀಟರ್ ವಾಷರಿಗೆ ಒಂದೂವರೆ ಡಿಗ್ರಿ ಸಿಗುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಓರೆ ಕೊಟ್ಟ ಮೇಲೆ ಶಾಫ್ಟಿನ ತುದಿ ನಡುಗೆರೆ ಬಿಟ್ಟು ಬಲಕ್ಕೆ ಹೋಗಿರುತ್ತದೆ. ಹಲಗೆಯಿಂದ ಫ್ಯಾನಿಗೆ 60 ಮಿಲಿಮೀಟರ್ ಇದ್ದರೆ 2 ಡಿಗ್ರಿಗೆ ಸುಮಾರು 2 ಮಿಲಿಮೀಟರ್. ಅಷ್ಟನ್ನು ಸರಿದೂಗಿಸಲು ಮೋಟಾರಿನ ಬುಡವನ್ನು ಎಡಕ್ಕೆ ಸರಿಸಬೇಕು. ಅಂದರೆ ಒಂದೇ ಏಟಿಗೆ ಮೋಟಾರು ಬಲಕ್ಕೂ ಹೋಗಬೇಕು, ಎಡಕ್ಕೂ ಹೋಗಬೇಕು! ಇದನ್ನು ಓದಿದ ಯಾವ ಮಗು ತಾನೇ ಸುಮ್ಮನಿರುತ್ತದೆ? ನಾನು ಈಗ ಹೀಗೆ ಬರೆದಿದ್ದೇನೆ: ‘ಮೋಟಾರಿನ ಬುಡವನ್ನು ಎಡಕ್ಕೆ 2 ಮಿಲಿಮೀಟರ್ ಸರಿಸಿ, ಮುಖಕ್ಕೆ ಬಲದೆತ್ತಿನ ಕಡೆ 2 ಡಿಗ್ರಿ ಓರೆ ಕೊಡಿ.’ ಬುಡ ಸರಿಯುತ್ತದೆ, ಮುಖ ಓರೆಯಾಗುತ್ತದೆ. ಹೋದ ವಾರ ಇಬ್ಬರು ಇದನ್ನು ಓದಿ, ಯಾರನ್ನೂ ಕೇಳದೆ ಸರಿಯಾಗಿ ಕಟ್ಟಿದರು. ಅರ್ಧ ಥ್ರಾಟಲಿನಲ್ಲಿ ನೇರ ಹಾರಿಸಿ, ಆಮೇಲೆ ಪೂರ್ತಿ ಕೊಟ್ಟು ನೋಡಿದೆವು. ಒಂದರ ಮೂತಿ ಚೂರು ಎತ್ತಿತು, ಮೇಲಿನ ಸ್ಕ್ರೂಗಳಿಗೆ ಇನ್ನೊಂದೊಂದು ವಾಷರು ಹಾಕಿದೆವು. ಸರಿಯಾಯಿತು.

ನನ್ನ ಪ್ರಶ್ನೆಗಳು ಈಗ. ‘ಬಲ ಓರೆ’, ‘ಕೆಳ ಓರೆ’ ಅಂತ ಹೆಸರಿಟ್ಟರೆ ನಿಮ್ಮ ಕಿವಿಗೆ ಹೇಗಿದೆ? ಸಂಧಿ ಮಾಡಿ ‘ಕೆಳೋರೆ’ ಅಂದರೆ ನನಗೆ ಯಾವುದೋ ಊರಿನ ಹೆಸರಿನ ಹಾಗೆ ಕೇಳುತ್ತದೆ. ‘ಓರೆ’ಯಲ್ಲಿ ತಪ್ಪಿನ ವಾಸನೆ ಜಾಸ್ತಿ ಅನಿಸುವವರು ಬೇರೆ ಪದ ಹೇಳಿ. ಮಲ್ಪೆ, ಗಂಗೊಳ್ಳಿ ಕಡೆಯವರು ಯಾರಾದರೂ ಇದ್ದೀರಾ? ಬೋಟಿನ ಇಂಜಿನಿನಿಂದ ಫ್ಯಾನಿಗೆ ಹೋಗುವ ಶಾಫ್ಟು ಹಿಂದಕ್ಕೆ ಇಳಿದಿರುತ್ತದಲ್ಲ, ಆ ಇಳಿತಕ್ಕೆ ಬೋಟು ಕಟ್ಟುವವರು ಏನಂತಾರೆ?

ಕೊನೆಯದು ಇನ್ನೂ ತಲೆನೋವಿನದು. ಕೆಲವು ವಿಮಾನಗಳಲ್ಲಿ ಮೋಟಾರು ರೆಕ್ಕೆಯ ಮೇಲೆ, ಫ್ಯಾನು ಹಿಂದಕ್ಕೆ ಮುಖ ಮಾಡಿಕೊಂಡಿರುತ್ತದೆ. ಆ ಮೋಟಾರಿನ ಫ್ಯಾನು ಇರುವ ತುದಿ ಮೇಲಕ್ಕೆ ಹೋದರೆ ಇನ್ನೊಂದು ತುದಿ ಕೆಳಕ್ಕೆ. ಅದು ಮೇಲೆ ಓರೆಯೋ, ಕೆಳಗೆ ಓರೆಯೋ? ಮುಖ ಅಂದರೆ ಫ್ಯಾನಿನ ಕಡೆಯೋ, ವಿಮಾನ ಹೋಗುವ ಕಡೆಯೋ? ಮುಂದಿನ ತಿಂಗಳು ಮಕ್ಕಳು ಅದನ್ನೇ ಕಟ್ಟುತ್ತಾರಂತೆ. ಅಷ್ಟರೊಳಗೆ ಹೇಳಿ.