ಲಿಂಗಾಂಬುಧಿ ಸಸ್ಯೋದ್ಯಾನದಲ್ಲಿ ವಯಸ್ಕರಿಗೆ ತೋಟಗಾರಿಕೆ ತರಗತಿ: ಮನವಿಯಲ್ಲಿ ಏನೇನು ಕೇಳಬೇಕು?

ರಾಮಕೃಷ್ಣನಗರ ನಿವಾಸಿ (ಪ್ರಶ್ನೆ):

ಮೈಸೂರಿನ ಲಿಂಗಾಂಬುಧಿ ಕೆರೆಯ ಪಕ್ಕದಲ್ಲಿ ತೋಟಗಾರಿಕೆ ಇಲಾಖೆಯು ಸುಮಾರು 15 ಎಕರೆಯಲ್ಲಿ ಬೆಳೆಸಿರುವ ಸಸ್ಯೋದ್ಯಾನಕ್ಕೆ ಬೆಳಗಿನ ನಡಿಗೆಗೆಂದು ಬರುವ ನಾವು ಕೆಲವರು, ಅಲ್ಲಿ ವಯಸ್ಕರಿಗಾಗಿ ತೋಟಗಾರಿಕೆ ಮತ್ತು ಸ್ವಾಸ್ಥ್ಯದ ತರಗತಿಗಳನ್ನು ಆರಂಭಿಸಬೇಕೆಂದು ಇಲಾಖೆಗೆ ಮನವಿ ಸಲ್ಲಿಸಲು ಯೋಚಿಸಿದ್ದೇವೆ. ನಮ್ಮಲ್ಲಿ ನಿವೃತ್ತರೇ ಹೆಚ್ಚು. ಹಲವರಿಗೆ ಸಕ್ಕರೆ ಕಾಯಿಲೆ ಅಥವಾ ಮಂಡಿನೋವು ಇದೆ. ಮಕ್ಕಳೆಲ್ಲ ಪರ ಊರು ಸೇರಿ ಮನೆಯಲ್ಲಿ ಒಬ್ಬರೇ ಉಳಿದವರೂ ಇದ್ದಾರೆ. ಷಿಕಾಗೋ ಮತ್ತು ನ್ಯೂಯಾರ್ಕ್‌ನ ಸಸ್ಯೋದ್ಯಾನಗಳು ಇಂತಹ ತರಗತಿಗಳ ಜೊತೆಗೆ ತೋಟಗಾರಿಕೆಯನ್ನೇ ಚಿಕಿತ್ಸೆಯ ಭಾಗವಾಗಿ ಬಳಸುವ ತರಬೇತಿಯನ್ನೂ ನೀಡುತ್ತ ಬಂದಿವೆ. ನಮ್ಮ ಊರಿಗೆ ಹೊಂದುವುದು ಯಾವುದು? ಒಂದು ದಿನದ ಕಾರ್ಯಾಗಾರ ಸಾಕೇ, ತಿಂಗಳುಗಟ್ಟಲೆ ನಡೆಯಬೇಕೇ? ಯೋಗವನ್ನೂ ಔಷಧೀಯ ಸಸ್ಯಗಳ ಪರಿಚಯವನ್ನೂ ಸೇರಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಸಿರು ಹಿತ್ತಲು:

ತೋಟಗಾರಿಕೆಯನ್ನು ಹಲವು ವರ್ಷ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಒಂದು ದಿನದ ಕಾರ್ಯಾಗಾರವನ್ನು ದಯವಿಟ್ಟು ಕೇಳಬೇಡಿ. ಬಂದವರೆಲ್ಲ ಒಂದು ಸಸಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅದು ಬಾಡತೊಡಗಿದಾಗ ಕೇಳಲು ಯಾರೂ ಇರುವುದಿಲ್ಲ. ವಾರಕ್ಕೊಮ್ಮೆಯಾದರೂ ಸರಿ, ಒಂದು ಪೂರ್ಣ ಋತುಚಕ್ರ ನಡೆಯುವ ತರಗತಿಯನ್ನೇ ಕೇಳಿ, ಮತ್ತು ಪ್ರತಿಯೊಬ್ಬರಿಗೂ ತಮ್ಮದೇ ಎನ್ನಬಹುದಾದ ಒಂದು ಪಾತಿ ಅಥವಾ ನಾಲ್ಕಾರು ಕುಂಡಗಳು ಇರಲೇಬೇಕೆಂದು ಬರೆಯಿರಿ.

ಪಠ್ಯಕ್ರಮವನ್ನು ನಮ್ಮ ಮಳೆಯೇ ನಿರ್ಧರಿಸಲಿ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ; ಅದರಲ್ಲಿ ಮೇ ತಿಂಗಳದ್ದೂ ಸೆಪ್ಟೆಂಬರ್–ಅಕ್ಟೋಬರ್‌ನದ್ದೂ ದೊಡ್ಡ ಪಾಲು. ‘ಭರಣಿ ಮಳೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಹೇಳುವ ಹೊತ್ತಿಗೇ ತರಗತಿ ಆರಂಭವಾದರೆ ಮಣ್ಣು ಹದ ಮಾಡುವುದನ್ನೂ ಬಿತ್ತುವುದನ್ನೂ ಸಹಜವಾಗಿ ಕಲಿಯಬಹುದು. ಜುಲೈ ಕೊನೆಯಲ್ಲಿ ಬಿತ್ತಿದ ಚೆಂಡುಹೂವು ದಸರೆಯ ವೇಳೆಗೆ ಅರಳುತ್ತದೆ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನವನ್ನು ಪ್ರತಿವರ್ಷ ನೋಡಿ ಬರುವವರು ತಾವೇ ಬೆಳೆಸಿದ ಕುಂಡವೊಂದನ್ನು ಅಲ್ಲಿಡುವ ಗುರಿ ಇಟ್ಟುಕೊಂಡರೆ ಮಧ್ಯದಲ್ಲಿ ತರಗತಿ ಬಿಡುವವರು ಕಡಿಮೆಯಾಗುತ್ತಾರೆ. ಚಳಿಗಾಲದಲ್ಲಿ ಮಲ್ಲಿಗೆಗೆ ನೀರು ತಡೆದು, ಎಲೆ ಉದುರಿಸಿ, ಕೊಂಬೆ ಸವರುವುದನ್ನು ಕಲಿಸಬೇಕು. ಗಿಡ ಚೆನ್ನಾಗಿದೆ, ಹೂವೇ ಬಿಡುತ್ತಿಲ್ಲ ಎಂದು ದೂರುವ ಬಹುಪಾಲು ಮನೆಗಳಲ್ಲಿ ಆ ಗಿಡವನ್ನು ಯಾರೂ ಸವರಿರುವುದಿಲ್ಲ.

ಮೊದಲ ಪಾಠಕ್ಕೆ ದಾಸವಾಳದ ಕಡ್ಡಿ ಊರುವುದಕ್ಕಿಂತ ಒಳ್ಳೆಯದು ಇಲ್ಲ. ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಒಂದೆರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ಅಷ್ಟು ದಿನ ಅದನ್ನು ಕಿತ್ತು ನೋಡದೆ ತಾಳ್ಮೆಯಿಂದ ಇರಲು ಕಲಿಯುವುದೂ ಪಾಠದ ಭಾಗವೇ. ನೀರಿನ ವಿಷಯದಲ್ಲಿ ಗಂಟೆ ನೋಡಿ ಹಾಕುವುದನ್ನು ಬಿಡಿಸಿ, ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ತೇವ ನೋಡುವ ಅಭ್ಯಾಸ ಮಾಡಿಸಬೇಕು. ಕುಂಡದ ಗಿಡಗಳು ಒಣಗಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಹೆಚ್ಚು.

ಬಿಳಿ ಕೋಟು:

ವೈದ್ಯನಾಗಿ ಕೆಲವು ಮಾತು ಸೇರಿಸುತ್ತೇನೆ. ತೋಟದ ಕೆಲಸದಿಂದ ಮನಸ್ಸಿನ ಒತ್ತಡ ತಗ್ಗುತ್ತದೆ ಎಂಬುದಕ್ಕೆ ಪರೀಕ್ಷಿಸಿದ ಆಧಾರವಿದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒತ್ತಡದ ಕೆಲಸವೊಂದನ್ನು ಮಾಡಿಸಿದ ಬಳಿಕ ಕೆಲವರಿಗೆ ಅರ್ಧ ಗಂಟೆ ತೋಟದ ಕೆಲಸವನ್ನೂ ಉಳಿದವರಿಗೆ ಅಷ್ಟೇ ಹೊತ್ತು ಓದನ್ನೂ ಕೊಟ್ಟಾಗ, ಎರಡೂ ಗುಂಪುಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದರೂ ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿದಿತ್ತು. ಅವರೆಲ್ಲ ಮೊದಲೇ ತೋಟದ ಒಲವಿದ್ದವರು ಎಂಬುದನ್ನೂ ಗಮನಿಸಬೇಕು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಗೆಯುವುದು, ಕಳೆ ಕೀಳುವುದು ಈ ಲೆಕ್ಕಕ್ಕೆ ಬರುತ್ತವೆ.

ಮಂಡಿನೋವಿನವರಿಗಾಗಿ ಸೊಂಟದೆತ್ತರದ ಕಟ್ಟೆ ಪಾತಿಗಳನ್ನು ಮನವಿಯಲ್ಲಿ ಖಂಡಿತ ಸೇರಿಸಿ. ಷಿಕಾಗೋ ಸಸ್ಯೋದ್ಯಾನದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವರೂ ಕೆಲಸ ಮಾಡಬಹುದಾದ ಎತ್ತರಿಸಿದ ಪಾತಿಗಳ ವಿಭಾಗವೇ ಇದೆ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ಮಣ್ಣಿಗೆ ಇಳಿಯಬಾರದು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯುವುದೇ ಇಲ್ಲ, ತಿಳಿಯುವಷ್ಟರಲ್ಲಿ ಗಾಯ ಕೀವಾಗಿರುತ್ತದೆ. ಮುಚ್ಚಿದ ಬೂಟು ಮತ್ತು ಕೈಗವಸು ಕಡ್ಡಾಯವಾಗಲಿ. ಧನುರ್ವಾಯು ಲಸಿಕೆ ತೆಗೆದುಕೊಂಡು 10 ವರ್ಷ ಕಳೆದಿದ್ದರೆ ಸೇರುವ ಮುನ್ನವೇ ಹಾಕಿಸಿಕೊಳ್ಳಿ.

ಔಷಧೀಯ ಸಸ್ಯಗಳನ್ನು ಗುರುತಿಸಲು ಕಲಿಸಲಿ, ಸೇವಿಸಲು ಕಲಿಸಬಾರದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯೊಡನೆ ಗೊಂದಲವಾಗಿರಬಹುದು ಎಂಬ ವಾದವೂ ಬಂತು. ವಾದ ಏನೇ ಇರಲಿ, ಬಳ್ಳಿಯನ್ನು ಸರಿಯಾಗಿ ಗುರುತಿಸುವುದೇ ಕಷ್ಟವೆಂದ ಮೇಲೆ ತರಗತಿಯಲ್ಲಿ ಕಷಾಯ ಹಂಚುವುದು ಬೇಡ. ಹಾಗೆಯೇ ಕಣಗಿಲೆಯ ಪ್ರತಿ ಭಾಗವೂ ವಿಷಕಾರಿ ಎಂಬುದು ಅದನ್ನು ದಿನವೂ ಪೂಜೆಗೆ ಕೊಯ್ಯುವವರಿಗೂ ತಿಳಿದಿರಬೇಕು.

ಮಂಡ್ಯದ ಗೃಹಿಣಿ:

ಯೋಗದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮೈಸೂರಿನಲ್ಲಿ ಯೋಗ ಕಲಿಸುವ ಕೇಂದ್ರಗಳಿಗೆ ಕೊರತೆಯಿಲ್ಲ. ಮಣ್ಣಿನ ಕೆಲಸ ಕಲಿಸುವ ಜಾಗಕ್ಕೆ ಕೊರತೆಯಿದೆ. ಒಂದೂವರೆ ಗಂಟೆಯ ತರಗತಿಯಲ್ಲಿ ಅರ್ಧ ಗಂಟೆ ಆಸನಕ್ಕೆ ಹೋದರೆ ಗಿಡದ ಪಾಲಿಗೆ ಏನು ಉಳಿಯುತ್ತದೆ? ಕೆಲಸಕ್ಕೆ ಮುಂಚೆ ಮೈ ಸಡಿಲಿಸಿಕೊಳ್ಳಲು ಐದು ನಿಮಿಷ ಸಾಕು.

ವೇಳೆಯ ಬಗ್ಗೆಯೂ ಯೋಚಿಸಿ. ಬೆಳಿಗ್ಗೆ ಆರೂವರೆಗೆ ತರಗತಿ ಇಟ್ಟರೆ ನಡಿಗೆಗೆ ಬರುವ ಗಂಡಸರಿಗೆ ಅನುಕೂಲ, ಮನೆಯ ತಿಂಡಿ ಅಡುಗೆ ನೋಡಿಕೊಳ್ಳುವ ಹೆಂಗಸರು ಬರುವುದು ಹೇಗೆ? ವಾರದಲ್ಲಿ ಒಂದು ತಂಡವಾದರೂ ಸಂಜೆ ನಾಲ್ಕಕ್ಕೆ ಇರಲಿ. ನಮ್ಮ ಕಡೆ ಕಬ್ಬಿನ ತರಗನ್ನು ಗದ್ದೆಯಲ್ಲೇ ಸುಡುತ್ತಾರೆ; ಅದನ್ನು ಪಾತಿಗೆ ಹೊದಿಕೆಯಾಗಿ ಹಾಸಿದರೆ ಬೇಸಿಗೆಯಲ್ಲಿ ನೀರು ಎಷ್ಟು ಉಳಿಯುತ್ತದೆ ಎಂಬುದನ್ನು ನನ್ನ ಹಿತ್ತಲಿನಲ್ಲೇ ಕಂಡಿದ್ದೇನೆ. ಮೈಸೂರಿನವರು ಬೀದಿಯಲ್ಲಿ ಗುಡಿಸಿ ಸುಡುವ ಎಲೆಗಳಿಗೂ ಇದೇ ದಾರಿ ಉಂಟು.

ರಾಮಕೃಷ್ಣನಗರ ನಿವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂಜೆಯ ತಂಡದ ವಿಚಾರ ನಮಗೆ ಹೊಳೆದೇ ಇರಲಿಲ್ಲ, ಅದನ್ನು ಮೊದಲಿಗೇ ಸೇರಿಸುತ್ತೇವೆ. ಇನ್ನೊಂದು ಪ್ರಶ್ನೆ ಉಳಿದಿದೆ. ಕಲಿಸುವವರು ಯಾರಾಗಬೇಕು? ಯಲಚಹಳ್ಳಿಯ ತೋಟಗಾರಿಕೆ ಕಾಲೇಜಿನವರನ್ನು ಕೇಳಬಹುದೇ?

ಹಸಿರು ಹಿತ್ತಲು:

ಖಂಡಿತ ಕೇಳಿ. ರೋಗ, ಕೀಟ, ಮಣ್ಣಿನ ಪರೀಕ್ಷೆಯಂತಹ ವಿಷಯಗಳಿಗೆ ಅಲ್ಲಿನ ಅಧ್ಯಾಪಕರು ಬೇಕು. ಆದರೆ ವಾರವಾರದ ಪಾಠವನ್ನು ಆ ಉದ್ಯಾನದಲ್ಲೇ ದುಡಿಯುವ ಮಾಲಿಗಳು ಮಾಡಬೇಕೆಂಬುದು ನನ್ನ ದೃಢವಾದ ನಿಲುವು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಗಿಡಕ್ಕೆ ಯಾವ ತಿಂಗಳು ಹಿಟ್ಟು ತಿಗಣೆ ಹತ್ತುತ್ತದೆ ಎಂಬುದು ಅವರಿಗೆ ತಿಳಿದಷ್ಟು ಬೇರಾರಿಗೂ ತಿಳಿದಿಲ್ಲ. ಕಲಿಸಿದ ಗಂಟೆಗಳಿಗೆ ಸಂಬಳದ ಮೇಲೆ ಪ್ರತ್ಯೇಕ ಗೌರವಧನ ಕೊಡಬೇಕೆಂದೂ, ಅದಕ್ಕಾಗಿ ಕಲಿಯುವವರಿಂದ ಸಣ್ಣ ಶುಲ್ಕ ಪಡೆಯಬಹುದೆಂದೂ ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.